ಬಡಿಗಿ ಬ್ಯಾಟಿ, ಬಂದೂಕಿನ ಬ್ಯಾಟಿ

ನಮ್ಮ ಹೊಲ ಸಂತೆಕಲ್ಲೂರಿನ ಸೀಮೆಯಲ್ಲಿ, ಗುಡ್ಡದ ಬುಡಕ್ಕೇ ಅಂಟಿಕೊಂಡಿದೆ. ಗುಡ್ಡ ಅಂದರೆ ಎತ್ತರದ್ದೇನಲ್ಲ. ಬಂಡೆ, ಜಾಲಿ, ಕವಳಿ ಪೊದೆ, ನಡುವೆ ಮಳೆಗಾಲದಲ್ಲಷ್ಟೇ ಹರಿಯುವ ಒಂದು ಹಳ್ಳ. ಅಡವಿ ಹಂದಿಗಳಿಗೆ ಅಷ್ಟು ಸಾಕು. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಹಿಂಡುಹಿಂಡಾಗಿ ಇಳಿದು ಬರುತ್ತವೆ. ತಿನ್ನುವುದು ಸ್ವಲ್ಪ, ಬೇರುಸಹಿತ ಉತ್ತು ಹಾಕುವುದೇ ಹೆಚ್ಚು.

ನಮ್ಮದು ದಿನಾ ಲಿಂಗಪೂಜೆ ಆಗದೆ ನೀರೂ ಮುಟ್ಟದ ಮನೆ. ಮಾಂಸದ ಮಾತನ್ನು ಒಳಗೆ ಆಡುವಂತಿರಲಿಲ್ಲ. ಆದರೂ ನಾನು ಸೊಸೆಯಾಗಿ ಬಂದ ವರ್ಷವೇ ಒಂದು ವಿಷಯ ತಿಳಿಯಿತು: ಈ ಮನೆಯ ಬೆಳೆ ಉಳಿಯುತ್ತಿದ್ದುದು ಬೇಟೆಯಿಂದ.

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಹೊಲಗಳೆಲ್ಲ ಖಾಲಿಯಾದ ಮೇಲೆ, ಊರಿನ ಗಂಡಸರು ಬ್ಯಾಟಿಗೆ, ಅಂದರೆ ಬೇಟೆಗೆ, ಹೊರಡುತ್ತಿದ್ದರು. ಕುರಿ ಕಾಯುವವರು, ಕೂಲಿಗೆ ಹೋಗುವವರು, ಸಣ್ಣ ಒಕ್ಕಲು ಮಾಡುವವರು. ಕೈಯಲ್ಲಿ ಬಡಿಗೆ, ಕೆಲವರ ಬಳಿ ಕವಣೆ, ಸುತ್ತ ನಾಯಿಗಳು. ಬಲೆ ಮಾತ್ರ ಒಬ್ಬನದು. ಅವನ ಅಪ್ಪ, ಅಜ್ಜ ಹೆಣೆದು, ಹರಿದಲ್ಲೆಲ್ಲ ಇವನು ಮತ್ತೆ ಕಟ್ಟಿಕೊಂಡು ಬಂದ ದಪ್ಪ ಹುರಿಯ ಬಲೆ. ಅವನು ಹೇಳಿದಲ್ಲಿ ಎಲ್ಲರೂ ನಿಲ್ಲಬೇಕು. ಅವನ ಹೆಂಡತಿ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದಳು. ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು. ಹಾಗಾಗಿ ನಮ್ಮ ನಡುವೆ ಒಂದು ಸಲಿಗೆ ಇತ್ತು.

ಬೇಟೆಯವರಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ನಮ್ಮ ಮನೆಯಿಂದ ಹೋಗಬೇಕು. ಬೆಳಕು ಹರಿಯುವ ಮುಂಚೆಯೇ ನಾನೂ ಅತ್ತೆಯೂ ರೊಟ್ಟಿ ಬಡಿಯಲು ಕೂರುತ್ತಿದ್ದೆವು. ಬುಟ್ಟಿ ಹೊರಗೆ ಹೋದ ಮೇಲೆ ಅತ್ತೆ ಎರಡನೇ ಸಲ ಸ್ನಾನ ಮಾಡಿ ದೇವರ ಜಗುಲಿಯ ಮುಂದೆ ಕುಳಿತುಬಿಡುತ್ತಿದ್ದರು. ಆ ದಿನ ಪೂರ್ತಿ ಊಟವಿಲ್ಲ.

ಒಮ್ಮೆ ಕೇಳಿದೆ. "ಕೊಲ್ಲೋರು ಅವ್ರು. ನೀವ್ಯಾಕ ಉಪಾಸ ಇರ್ತೀರಿ ಅತ್ತಿ?"

"ಉಳಿಯೂದು ಯಾರ ಹೊಲಾ ಐತವಾ?" ಎಂದರು.

ಆ ಬೇಟೆಯನ್ನು ನಾನು ಹೊಲದ ಒಡ್ಡಿನ ಮೇಲೆ ನಿಂತು ಹಲವು ಸಲ ನೋಡಿದ್ದೇನೆ. ಮೂವತ್ತು ನಲವತ್ತು ಮಂದಿ, ಎಷ್ಟೋ ನಾಯಿ, ಬಡಿಯಲು ಒಂದು ಹಲಗೆ. ಗುಡ್ಡವೇ ಎದ್ದು ಕುಳಿತಂಥ ಗದ್ದಲ. ಒಬ್ಬ ಬಂಡೆಯ ಮೇಲಿಂದ ಕೂಗಿದರೆ ಹಳ್ಳದೊಳಗಿನವನು ಓಗೊಡುತ್ತಿದ್ದ. ಯಾರು ಎಲ್ಲಿದ್ದಾರೆ ಎಂಬುದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತಿತ್ತು. ಹೆಂಗಸರು ಒಡ್ಡಿನ ಮೇಲೆ ನಿಂತೇ, "ಈಗ ಕೂಗಿದಾಂವ ನನ್ನ ಗಂಡ, ಆಚಿಗಿನಾಂವ ನಿನ್ನ ಮೈದುನ" ಎಂದು ನಗಾಡುತ್ತಿದ್ದರು. ಒಂದೋ ಎರಡೋ ಹಂದಿ ಬಲೆಗೆ ಬೀಳುತ್ತಿದ್ದವು. ಉಳಿದವು ಗುಡ್ಡ ದಾಟಿ ಓಡುತ್ತಿದ್ದವು. ಸಿಕ್ಕಿದ್ದನ್ನು ಎಲ್ಲರೂ ಸಮ ಪಾಲು ಮಾಡಿಕೊಳ್ಳುತ್ತಿದ್ದರು. ನನಗೆ ಸತ್ತ ಹಂದಿಯನ್ನು ನೋಡಲಾಗುತ್ತಿರಲಿಲ್ಲ. ಆದರೆ ಮುಂದಿನ ಮುಂಗಾರಿಗೆ ಶೇಂಗಾ ಉಳಿದಾಗ ಸಂತೋಷವಾಗುತ್ತಿತ್ತು. ಎರಡೂ ನಿಜ.

ಬಂದೂಕು ಬಂದದ್ದು ನನ್ನ ಮೈದುನನಿಂದ. ಅವನು ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುತ್ತಾನೆ. ಕಾಲುವೆ ಸೀಮೆಯಲ್ಲಿ ಹೊಲ ಇರುವ ಅವನ ಕೆಲ ಗೆಳೆಯರಿಗೆ ಬೆಳೆ ಕಾಯಲೆಂದು ಪಡೆದ ಲೈಸೆನ್ಸಿನ ಬಂದೂಕುಗಳಿದ್ದವು. ಒಂದು ವರ್ಷ ಅವರನ್ನು ಕರೆತಂದ. ಬೆಳೆ ನಿಂತಿರುವಾಗಲೇ ಬಂದರು. ನಾಲ್ಕು ಮಂದಿ, ಒಂದು ಜೀಪು. ಕೂಗಾಟವಿಲ್ಲ, ಹಲಗೆಯಿಲ್ಲ. ಹೊಲದ ಮೂಲೆಗೊಬ್ಬರಂತೆ ಕುಳಿತರು. ಅವರು ಅಲ್ಲಿದ್ದಾರೆಂಬುದೇ ತಿಳಿಯುತ್ತಿರಲಿಲ್ಲ. ಆಮೇಲೆ ಒಂದೇ ಸದ್ದು, ಗುಡ್ಡದ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದವು.

ಮೈದುನನಿಗೆ ಹೆಮ್ಮೆ. "ನೋಡ್ರಿ ವೈನಿ, ನಲವತ್ತು ಮಂದಿ ಹೊಲಾ ತುಳದು ಮಾಡೂ ಕೆಲಸಾ ನಾಕ ಮಂದಿ ಸುಮ್ನ ಕುಂತು ಮಾಡಿದ್ರು. ಗದ್ಲಿಲ್ಲ, ಗಲಾಟಿಲ್ಲ."

ನನಗೂ ಆಗ ಹಾಗೇ ಅನ್ನಿಸಿತು. ಇವರಿಗಾಗಿ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸವೂ ಇಲ್ಲ. ಬಾಗಿಲಿಗೆ ಯಾರೂ ಬರುವುದಿಲ್ಲ. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು, ಉಪವಾಸ ಕೂರುವವರೂ ಇರಲಿಲ್ಲ. ಹೋಳಿಯ ಬ್ಯಾಟಿ ತನ್ನ ಪಾಡಿಗೆ ನಡೆದೇ ಇತ್ತು.

ಆದರೆ ಆ ನಾಲ್ವರು ಇನ್ಯಾರಿಗೋ ಹೇಳಿದರು. ಅವರು ಲಿಂಗಸುಗೂರಿನ ಯಾರಿಗೋ ಹೇಳಿದರು. ವರ್ಷ ಕಳೆದಂತೆ ಶೇಂಗಾದ ಕಾಲದಲ್ಲಿ ಹೊಲದ ಅಂಚಿನ ಬೇವಿನ ಮರದ ಕೆಳಗೆ ನಮಗೆ ಗೊತ್ತಿಲ್ಲದ ಗಾಡಿಗಳು ನಿಲ್ಲತೊಡಗಿದವು. ಒಂದು ಬೆಳಿಗ್ಗೆ ಎರಡು ಗುಂಪಿನವರು ನಮ್ಮ ಒಡ್ಡಿನ ಮೇಲೆಯೇ ಜಗಳಕ್ಕೆ ನಿಂತರು. "ನಾವ್ ಮೊದ್ಲ ಬಂದೀವಿ" ಎಂದು ಇವರು, "ಗುಡ್ಡಾ ನಿಮ್ಮಪ್ಪಂದೇನು?" ಎಂದು ಅವರು. ಎರಡೂ ಕಡೆ ಸೇರಿಸಿದರೂ ಹತ್ತು ಮಂದಿ ಇರಲಿಲ್ಲ. ನಲವತ್ತು ಬಡಿಗೆಗಳು ಹಿಡಿಸಿದ ಗುಡ್ಡದಲ್ಲಿ ಆರೇಳು ಬಂದೂಕು ಹಿಡಿಸುತ್ತಿರಲಿಲ್ಲ. ಬಡಿಗೆಯವನಿಗೆ ಬೇಕಾದ ಜಾಗ ಅವನ ತೋಳು ಚಾಚಿದಷ್ಟು. ಬಂದೂಕಿನವನಿಗೆ ಕಣ್ಣು ಹೋದಷ್ಟೂ ಜಾಗ ತನ್ನದೇ ಆಗಬೇಕು. ಅಲ್ಲಿ ಬೇರೆ ಯಾರೂ ಇಲ್ಲವೆಂದು ಅವನು ನಂಬಿ ಕುಳಿತಿರುತ್ತಾನೆ. ಇದು ನನಗೆ ಆ ದಿನವೇ ಅರ್ಥವಾಗಬಹುದಿತ್ತು. ನಾನು ಮನೆಗೆ ಹೋಗಿ ಚಹಾ ಕಾಸಿದೆ.

ಮೂರು ವರ್ಷದ ಹಿಂದೆ ನಮ್ಮನೆಯವರು ಬೈಕಿನಿಂದ ಬಿದ್ದು ಮೊಣಕಾಲು ಮುರಿದುಕೊಂಡರು. ಹೊಲದ ಕೆಲಸವೆಲ್ಲ ನನ್ನ ಮೇಲೆ ಬಿತ್ತು. ಶೇಂಗಾ ಚೆನ್ನಾಗಿ ಬಂದಿತ್ತು, ಪಕ್ಕದ ಪಟ್ಟಿಯಲ್ಲಿ ತೊಗರಿ ಆಳೆತ್ತರ ಬೆಳೆದಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗುಡ್ಡದ ಕಡೆಯ ಶೇಂಗಾ ಸಾಲುಗಳನ್ನು ಹಂದಿಗಳು ನೇಗಿಲು ಹೊಡೆದಂತೆ ಕಿತ್ತು ಹಾಕಿದ್ದವು. ನಾನು ಅಲ್ಲೇ ನಿಂತು ಮೈದುನನಿಗೆ ಫೋನು ಮಾಡಿದೆ.

"ಈ ವಾರ ಆಗಂಗಿಲ್ಲ ವೈನಿ. ಮುಂದಿನ ವಾರ ಕಳಸ್ತೀನಿ" ಎಂದ.

ಅಷ್ಟು ದಿನ ಕಾಯುವ ಧೈರ್ಯ ನನಗಿರಲಿಲ್ಲ. ಸಂಜೆ ಬಲೆಯವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ವಿಷಯ ಹೇಳಿದೆ.

"ಈಗ ಬ್ಯಾಟಿ ಮಾಡೂ ಹೊತ್ತಲ್ರಿ ಅಕ್ಕಾರ" ಎಂದ. "ತೊಗರಿ ನಿಂತೈತಿ. ಮನಷಾ ಕಾಣಂಗಿಲ್ಲ. ಹೊತ್ತಿಲ್ಲದ ಹೊತ್ತಿನ್ಯಾಗ ಮಂದೀನೂ ಭಾಳ ಬರಂಗಿಲ್ಲ."

"ಬಂದಷ್ಟು ಮಂದಿ ಬರಲಿ. ನಮ್ಮ ಸಂಕಟಾನೂ ನೋಡು."

ಅವನು ಹೆಂಡತಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವನು ಕೇಳಿದ. "ಬಂದೂಕಿನವ್ರು ಯಾರರ ಬರಾಕತ್ತಾರೇನ್ರಿ?"

"ಈ ವಾರ ಇಲ್ಲ" ಎಂದೆ.

ನನಗೆ ಗೊತ್ತಿದ್ದಷ್ಟಕ್ಕೆ ಅದು ಸುಳ್ಳಲ್ಲ. ಆದರೆ ಮೈದುನನಿಗೆ ಫೋನು ಮಾಡಿ, ಊರವರನ್ನು ಕರೆದಿದ್ದೇನೆ, ಯಾರನ್ನೂ ಕಳಿಸಬೇಡ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಫೋನು ನನ್ನ ಕೈಯಲ್ಲೇ ಇತ್ತು. ಹೇಳಿದರೆ ಅವನು ಮುಂದಿನ ವಾರವೂ ಕಳಿಸದೆ ಹೋದಾನೆಂಬ ಭಯ ನನಗೆ. ಇವರಿಂದ ಆಗದಿದ್ದರೆ ಅವರಿಂದಾದರೂ ಆಗಲಿ ಎಂಬ ಆಸೆ.

ಅಮಾವಾಸ್ಯೆ ಮುಗಿದ ಮಾರನೆಯ ಬೆಳಿಗ್ಗೆ ಹದಿನೈದು ಇಪ್ಪತ್ತು ಮಂದಿ ಬಂದರು. ನಾಯಿಗಳು ಕಡಿಮೆ. ತೊಗರಿಯಲ್ಲಿ ಹಂದಿ ಮಲಗಿದ್ದರೆ ಎದ್ದು ಹಳ್ಳದ ಕಡೆ ಓಡಲಿ ಎಂದು ಹಳ್ಳಕ್ಕೆ ಅಡ್ಡ ಬಲೆ ಕಟ್ಟಿದರು. ಹಲಗೆ ಬೇಡವೆಂದು ಬಲೆಯವನೇ ಹೇಳಿದ್ದ. ಸದ್ದಾದರೆ ಹಂದಿಗಳು ನಿಂತ ಬೆಳೆಯೊಳಗೆ ದಿಕ್ಕಾಪಾಲಾಗಿ ನುಗ್ಗುತ್ತವೆ, ಶೇಂಗಾ ಉಳಿಯುವುದಿಲ್ಲ ಎಂದು. ಅಂದರೆ ನನ್ನ ಬೆಳೆಗಾಗಿ ಅವರು ಬಾಯಿ ಕಟ್ಟಿಕೊಂಡು ಒಳಗೆ ಇಳಿದಿದ್ದರು.

ನಾನು ಹಕ್ಕಿ ಕಾಯುವ ಅಟ್ಟದ ಮೇಲೆ ಹತ್ತಿ ಕುಳಿತಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ತೊಗರಿಯ ತುದಿಗಳು ಅಲ್ಲಲ್ಲಿ ಅಲುಗಾಡುತ್ತಿದ್ದವು, ಅಷ್ಟೇ ಗುರುತು. ಆಗ ಬೇವಿನ ಮರದ ಕಡೆ ಧೂಳೆದ್ದಿತು. ಮೈದುನನ ಗೆಳೆಯರ ಜೀಪು. ವಾರ ಮುಂಚೆಯೇ ಪುರಸೊತ್ತಾಗಿದೆ ಎಂದು ಹೊರಟುಬಂದಿದ್ದರು. ಹಿಂದೆಯೇ ಇನ್ನೊಂದು ಗಾಡಿ. ಅದು ಲಿಂಗಸುಗೂರಿನವರದೆಂದು ಆಮೇಲೆ ತಿಳಿಯಿತು. ಗುಡ್ಡದ ಆಚೆ ಬದಿಗೆ ಸುತ್ತಿ ಹೋಯಿತು.

ಈ ಮೂರೂ ಗುಂಪನ್ನು ಒಟ್ಟಿಗೆ ನೋಡುತ್ತಿದ್ದವಳು ನಾನೊಬ್ಬಳೇ. ತಕ್ಷಣ ಕೂಗಬೇಕಿತ್ತು. ಕೂಗಲಿಲ್ಲ. 'ಬರಲಿ ಬಿಡು, ಹೆಚ್ಚು ಮಂದಿಯಾದರೆ ಇವತ್ತೇ ಮುಗಿಯುತ್ತದೆ' ಎಂದು ನನ್ನ ಮನಸ್ಸು ಅಂದಿತು. ಬಹಳ ಹೊತ್ತಲ್ಲ. ಒಂದು ಹಂಬಲ ಬಂದು ಹೋಗುವಷ್ಟು ಹೊತ್ತು. ಅಷ್ಟರಲ್ಲಿ ಜೀಪಿನವರು ಇಳಿದು ಶೇಂಗಾದ ಮೂಲೆಗಳಲ್ಲಿ ಕುಳಿತಾಗಿತ್ತು.

ಮೊದಲ ಗುಂಡಿನ ಸದ್ದಿಗೆ ನಾನು ಅಟ್ಟದಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಸೀರೆ ಮೇಲೆತ್ತಿ ಕಟ್ಟಿ ಒಡ್ಡಿನ ಗುಂಟ ಓಡಿದೆ. "ಮಂದಿ ಅದಾರ! ತೊಗರ್ಯಾಗ ಮಂದಿ ಅದಾರ!" ಎಂದು ಕಿರುಚುತ್ತ ಸೆರಗು ಬೀಸಿದೆ. ಸಿಂಧನೂರಿನವರಲ್ಲಿ ಒಬ್ಬ ಎದ್ದು ನಿಂತು, "ಬಾಜೂಕ ಸರೀರಿ ಅಕ್ಕಾರ, ಹಂದಿ ಹೊಂಟಾವ" ಎಂದ. ಅವನ ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಒತ್ತಿದೆ. ಅವನು ಹೆದರಿದ್ದು ನನಗೆ ಕಂಡಿತು.

ಎರಡನೇ ಗುಂಡು ತೊಗರಿಯ ಆಚೆ ಅಂಚಿನಿಂದ ಬಂತು. ಗುಡ್ಡ ಸುತ್ತಿ ಅಲ್ಲಿಗೆ ಇಳಿದಿದ್ದವರಿಗೆ ನನ್ನ ಕೂಗು ಕೇಳಿಸಿರಲಿಲ್ಲ. ಅಲುಗಾಡಿದ ತೊಗರಿಯನ್ನು ನೋಡಿ ಹೊಡೆದಿದ್ದರು.

ಊರವರ ಕೂಗು ಎದ್ದಿತು. ಅದು ಹಂದಿ ಸಿಕ್ಕಾಗಿನ ಕೂಗಲ್ಲ. ತೊಗರಿ ಸೀಳಿಕೊಂಡು ಹೋಗಿ ನೋಡಿದರೆ ಬಲೆಯವನು ಕುಳಿತಿದ್ದ. ಬಲಭುಜದಿಂದ ಮೊಣಕೈವರೆಗೆ ಅಂಗಿ ತೂತುತೂತಾಗಿ, ಒಂದೊಂದು ತೂತಿನಿಂದಲೂ ರಕ್ತ ಇಳಿಯುತ್ತಿತ್ತು. ಅವನು ಅಳುತ್ತಿರಲಿಲ್ಲ. ತನ್ನ ತೋಳನ್ನೇ ಬೇರೆಯವರದ್ದೆಂಬಂತೆ ನೋಡುತ್ತಿದ್ದ.

ಗುಡ್ಡದ ಆಚೆಯ ಗಾಡಿ ಹೊರಟುಹೋದ ಸದ್ದು ಕೇಳಿತು. ಮೈದುನನ ಗೆಳೆಯರೂ ಜೀಪಿನ ಕಡೆ ಸರಿಯತೊಡಗಿದರು. ನಾನು ಅವರಿಗಿಂತ ಮುಂಚೆ ಹೋಗಿ ಮುಂದಿನ ಸೀಟಿನಲ್ಲಿ ಕುಳಿತೆ. "ಇಳೀರಿ ಅಕ್ಕಾರ, ನಮಗ್ಯಾಕ ಬೇಕಿದು" ಎಂದ ಗಾಡಿಯವನು. "ಇಳಿಯಂಗಿಲ್ಲ. ಆತನ್ನ ಹಿಂದ ಹಾಕ್ರಿ, ಗಾಡಿ ತಗೀರಿ" ಎಂದೆ. ಇಬ್ಬರು ಊರವರು ಅವನನ್ನು ಎತ್ತಿ ತಂದು ಕೂರಿಸಿ ಪಕ್ಕದಲ್ಲಿ ಹಿಡಿದುಕೊಂಡರು. ಮಸ್ಕಿಯ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತಿ, ಲಿಂಗಸುಗೂರಿಗೆ ಒಯ್ಯಿರಿ ಎಂದರು.

ಲಿಂಗಸುಗೂರಿನ ಆಸ್ಪತ್ರೆಯ ಹೊರಗೆ ನಿಂತಿದ್ದಾಗ ಮೈದುನನ ಫೋನು ಬಂತು.

"ವೈನಿ, ಗಿಡದ ಮ್ಯಾಲಿಂದ ಮುಳ್ಳಿನ ತಂತಿ ಬೇಲಿ ಮ್ಯಾಗ ಬಿದ್ದಾನ ಅಂತ ಹೇಳ್ರಿ. ಎಲ್ಲಾರಿಗೂ ಛಲೋ ಅದ."

ಎಲ್ಲರಿಗೂ ಅಂದರೆ ಅವನ ಗೆಳೆಯರಿಗೆ ಎಂದುಕೊಂಡು ನನಗೆ ಸಿಟ್ಟು ಬಂತು. ಫೋನು ಇಟ್ಟೆ. ಒಳಗೆ ಡಾಕ್ಟರಮ್ಮ ಗಾಯ ನೋಡುತ್ತ, "ಹೇಗಾಯ್ತು?" ಎಂದು ಕೇಳಿದರು. ಬಲೆಯವನು ತಾನೇ, "ಬಿದ್ದೀನ್ರಿ" ಎಂದ. ಜೊತೆಗೆ ಬಂದಿದ್ದ ಊರವರಿಬ್ಬರೂ, "ಹೌದ್ರಿ, ಬಿದ್ದಾನ" ಎಂದರು. ಅಷ್ಟರಲ್ಲಿ ಅವನ ಹೆಂಡತಿ ಟಂಟಂ ಆಟೋ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು.

ನಾನು ಮುಂದೆ ಹೋಗಿ, "ಇಲ್ರಿ ಡಾಕ್ಟರೇ, ಬಂದೂಕಿನ ಏಟು. ನಮ್ಮ ಹೊಲದಾಗ ಆಗೈತಿ. ಬ್ಯಾಟಿಗೆ ಕರದಾಕಿ ನಾನು" ಎಂದೆ.

ಹೇಳಿದ ಮೇಲೆ ಎದೆ ಹಗುರಾಯಿತು. ಬೆಳಿಗ್ಗೆಯಿಂದ ಮಾಡಿದ್ದನ್ನೆಲ್ಲ ಆ ಒಂದು ಮಾತು ತೊಳೆಯಿತೆಂದು ನನಗನ್ನಿಸಿತು. ಬಲೆಯವನು ಕಣ್ಣು ಮುಚ್ಚಿಕೊಂಡ. ನೋವಿಗೆ ಎಂದುಕೊಂಡೆ.

ಪೊಲೀಸರು ಬಂದರು. ಅವರ ಹಿಂದೆ ಅರಣ್ಯ ಇಲಾಖೆಯವರು ಬಂದರು. ಸಿಂಧನೂರಿನವರ ಬಂದೂಕಿನ ಕಾಗದಪತ್ರ ಸರಿಯಿದ್ದವು, ಬೆಳೆ ಕಾಯಲು ಹೊಲದವರೇ ಕರೆದರು ಎಂದರು. ಅವರಿಗೊಬ್ಬ ವಕೀಲನಿದ್ದ. ಲಿಂಗಸುಗೂರಿನವರು ಯಾರೆಂಬುದು ಕೊನೆಗೂ ಗಟ್ಟಿಯಾಗಿ ಯಾರೂ ಹೇಳಲಿಲ್ಲ. ಕಣ್ಣ ಮುಂದೆ ಸಿಕ್ಕಿದ್ದು ಹಳ್ಳಕ್ಕೆ ಅಡ್ಡ ಕಟ್ಟಿದ್ದ ಬಲೆ. ಬಲೆ ಕಟ್ಟಿ ಬೇಟೆಯಾಡುವುದು ಅಪರಾಧ. ಅದರ ಒಡೆಯ ಆಸ್ಪತ್ರೆಯ ಮಂಚದ ಮೇಲಿದ್ದ. ಅವನ ಮೇಲೂ ಊರಿನ ಇನ್ನು ಕೆಲವರ ಮೇಲೂ ಕೇಸಾಯಿತು. ಬಲೆಯನ್ನು ಬಿಚ್ಚಿ ಒಯ್ದರು.

ಮೈದುನ ಹೇಳಿದ 'ಎಲ್ಲರಿಗೂ' ಎಂಬ ಮಾತಿನಲ್ಲಿ ಇವರೂ ಇದ್ದರು ಎಂಬುದು ನನಗೆ ಆಗ ಗೊತ್ತಾಯಿತು. ಬಲೆಯವನಿಗೆ ಅದು ಮಂಚದ ಮೇಲೆ ಮಲಗಿದಾಗಲೇ ಗೊತ್ತಿತ್ತು.

ಅವನ ಹೆಂಡತಿ ಆಮೇಲೆ ನಮ್ಮ ಹೊಲಕ್ಕೆ ಬರುವುದನ್ನು ಬಿಟ್ಟಳು. ನಾನು ಕೇಳಲೂ ಇಲ್ಲ. ಒಂದು ದಿನ ನೀರಿನ ನಳದ ಹತ್ತಿರ ಎದುರಾದಳು. "ಹೆಂಗ ಅದಾನವಾ?" ಎಂದೆ. "ಅದಾನ" ಎಂದಳು. ಕೊಡ ತುಂಬುವವರೆಗೂ ಇಬ್ಬರೂ ನೀರನ್ನೇ ನೋಡಿದೆವು. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ನಮ್ಮನೆಯವರು, "ನೀ ಖರೇ ಹೇಳೀದಿ. ಅದರಾಗ ತಪ್ಪೇನೈತಿ?" ಎಂದು ಸಮಾಧಾನ ಮಾಡಿದರು. ಮೈದುನ ನನ್ನ ಜೊತೆ ಮಾತು ಬಿಟ್ಟ. ನನಗೆ ಇಬ್ಬರ ಮೇಲೂ ಒಂದೇ ಥರದ ಬೇಸರ. ಬಲೆಯವನ ಗಾಯ ಮಾಗಿತು, ಆದರೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ತಾನು ಸಾಕಿದ್ದ ಕುರಿಗಳನ್ನೂ ಮಾರಿದ. ಹೋಳಿ ಹುಣ್ಣಿಮೆ ಬಂತು, ಊರಿನಿಂದ ಯಾರೂ ಗುಡ್ಡಕ್ಕೆ ಹೋಗಲಿಲ್ಲ. ಆ ಬೆಳಿಗ್ಗೆ ನಾನು ಮನೆಮಟ್ಟಿಗಷ್ಟೇ ರೊಟ್ಟಿ ಬಡಿದೆ.

ಲಿಂಗಸುಗೂರಿನ ಕೋರ್ಟಿನಲ್ಲಿ ತಾರೀಖುಗಳು ಶುರುವಾದವು. ಮೊದಲ ತಾರೀಖಿಗೆ ನಾನು ಕರೆಯದೆಯೇ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಬಲೆಯವನೂ ಅವನ ಹೆಂಡತಿಯೂ ಆಗಲೇ ಅಲ್ಲಿದ್ದರು. ಅವಳು ಮುಖ ತಿರುಗಿಸಿದಳು. ಅವನು ಮಾತ್ರ, "ನೀವ್ಯಾಕ ಬಂದ್ರಿ ಅಕ್ಕಾರ?" ಎಂದ.

"ನಾನ ಕರದಿದ್ದೆ ಅಂತ ಅಲ್ಲೀನೂ ಹೇಳಬೇಕಲ್ಲ."

ಕೇಸಿನ ಉಳಿದವರು ತಾವೇ ಬೇರೆ ಗಾಡಿಯಲ್ಲಿ ಬರುತ್ತಿದ್ದರು; ಆಮೇಲಿನ ತಾರೀಖುಗಳಿಗೆಲ್ಲ ನಾವು ಮೂವರು ಒಂದೇ ಬಸ್ಸಿನಲ್ಲಿ ಹೋಗಿಬಂದೆವು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವುದು, ಹೆಸರು ಕೂಗಿದಾಗ ಏಳುವುದು, ಮುಂದಿನ ತಾರೀಖು ಕೇಳಿಕೊಂಡು ಬರುವುದು. ಹೀಗೆ ಒಂದು ಸಲ ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಾನು ಅವನನ್ನು ಕೇಳಿಯೇಬಿಟ್ಟೆ.

"ನನ್ನ ಮ್ಯಾಲ ಸಿಟ್ಟ ಐತೇನಪಾ?"

"ಇತ್ರಿ. ಕರದದ್ದಕ್ಕಲ್ಲ. ಕರದ್ರಿ, ಬಂದ್ವಿ, ಅದು ಇದ್ದದ್ದ. ನೀವು ಓಡಿ ಬಂದು ಬಂದೂಕ ಹಿಡದದ್ದನ್ನೂ ಮಂದಿ ಹೇಳ್ಯಾರ."

"ಮತ್ತ?"

"ದವಾಖಾನ್ಯಾಗ ನೀವು ನನ್ನ ಒಂದ್ ಮಾತ ಕೇಳಬೇಕಿತ್ರಿ. ಏನ್ ಹೇಳಲಿ ಅಂತ. ಕೈ ನಂದಿತ್ತು."

ಆವತ್ತು ನನ್ನ ಎದೆ ಹಗುರಾದದ್ದು ಅವನ ಮೇಲೆ ಭಾರ ಹೊರಿಸಿ. ಇದನ್ನು ಅವನಿಗೆ ಹೇಳಬೇಕೆಂದುಕೊಂಡೆ. ಆದರೆ ಅದನ್ನೂ ಹೇಳಿ ಹಗುರಾಗುವುದು ಯಾರು, ಮತ್ತೆ ನಾನೇ ಅಲ್ಲವೇ? ಬಸ್ಸು ಸಂತೆಕಲ್ಲೂರು ಮುಟ್ಟಿತು. ಅವನೇ ಹೆಂಡತಿಯನ್ನು ಎಬ್ಬಿಸಿದ.

ಹೋದ ವರ್ಷ ಕೇಸು ಮುಗಿಯಿತು. ದಂಡ ಹಾಕಿ, ಇನ್ನೊಮ್ಮೆ ಮಾಡಿದರೆ ಜೈಲು ಎಂದು ಎಚ್ಚರಿಸಿ ಬಿಟ್ಟರು. ದಂಡ ನಾವು ಕಟ್ಟಿದೆವು. ಅದರಿಂದ ಏನೂ ಸರಿಹೋಯಿತೆಂದು ನಮ್ಮನೆಯವರೂ ಅನ್ನಲಿಲ್ಲ. ಬಲೆ ಮಾತ್ರ ವಾಪಸು ಬರಲಿಲ್ಲ.

ಮೈದುನ ಈಗ ಮತ್ತೆ ಮಾತಾಡುತ್ತಾನೆ. ಈ ಸಲ ಶೇಂಗಾ ಬಲಿಯುವ ಹೊತ್ತಿಗೆ ತಾನೇ ಫೋನು ಮಾಡಿದ. "ಹಂದಿ ಇಳದಾವಂತ ಕೇಳೀನಿ ವೈನಿ. ಹುಷಾರ್ ಮಂದೀನ ಕಳಸ್ತೀನಿ, ಒಂದ ಗಾಡಿ, ಇಬ್ರ."

"ಇಬ್ರೂ ಬ್ಯಾಡ" ಎಂದೆ.

"ಬೆಳಿ ಹೋಗ್ತದರಿ."

"ಹೋಗಲಿ."

ಹೇಳುವಾಗ ದೊಡ್ಡ ಮಾತು ಅನ್ನಿಸಿತು. ಮಾರನೆಯ ದಿನ ಕಿತ್ತುಹೋದ ಸಾಲುಗಳನ್ನು ನೋಡಿದಾಗ ಹಾಗನ್ನಿಸಲಿಲ್ಲ. ನನ್ನ ಆಸೆಯೇನೂ ಸತ್ತಿಲ್ಲ. ಗುಡ್ಡದ ಆಚೆಯಿಂದ ಎಲ್ಲೋ ಗುಂಡಿನ ಸದ್ದು ಬಂದರೆ, ಅಯ್ಯೋ ಎನ್ನುವುದಕ್ಕಿಂತ ಮುಂಚೆ, ಒಂದು ಹಂದಿ ಕಡಿಮೆಯಾಯಿತು ಎಂದು ಮನಸ್ಸು ಈಗಲೂ ಹೇಳುತ್ತದೆ. ಅದನ್ನು ಹೇಗೆ ಸುಮ್ಮನಿರಿಸಬೇಕೋ ನನಗೆ ತಿಳಿದಿಲ್ಲ.

ಶೇಂಗಾ ಕೀಳುವ ದಿನ ಆಳು ಸಾಲದೆ ನಾನೊಬ್ಬಳೇ ಒಂದು ಸಾಲು ಹಿಡಿದು ಕೂತಿದ್ದೆ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಲೆಯವನ ಹೆಂಡತಿ ಒಡ್ಡು ದಾಟಿ ಬಂದಳು. ನಾನು ಕರೆದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಸಾಲಿಗೆ ಕೂತು, ಗಿಡ ಕಿತ್ತು ಮಣ್ಣು ಕೊಡವಿದಳು. ಹಿಂದಿನಿಂದ ಅವನೂ ಬಂದು ಕಿತ್ತ ಗಿಡಗಳ ಗುಂಪೆಯ ಬಳಿ ಕುಳಿತ. ಎಡಗೈಯಲ್ಲಿ ಗಿಡ ಹಿಡಿದು, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಕಾಯಿ ಬಿಡಿಸತೊಡಗಿದ.

"ಅರ್ಧಾ ತಿಂದಾವಲ್ರಿ" ಎಂದಳು ಅವಳು, ಉಳಿದ ಸಾಲುಗಳ ಕಡೆ ನೋಡುತ್ತ.

"ಹೂಂ, ತಿಂದಾವ" ಎಂದೆ.

ಅವಳು ಮುಂದಿನ ಗಿಡಕ್ಕೆ ಕೈ ಹಾಕಿದಳು. ನಾನೂ ಹಾಕಿದೆ.